ತಡೆದ ಕೈ

ವಿಜಯನಗರ
ಆಗಸ್ಟ್ 1978

ಮಗು ಜಯದೇವ,

ನೀನು ಮನೆ ಬಿಟ್ಟು ಇಪ್ಪತ್ತೆರಡು ದಿನವಾಯಿತು. ಎಲ್ಲಿದ್ದೀಯೋ ತಿಳಿಯದು, ಹಾಗಾಗಿ ಈ ಕಾಗದದ ಮೇಲೆ ಬರೆಯಲು ವಿಳಾಸವಿಲ್ಲ. ಗೇಟಿನ ಸದ್ದಾದಾಗಲೆಲ್ಲ ನಿನ್ನಮ್ಮ ಎದ್ದು ಹೋಗುತ್ತಾಳೆ. ನಾನು ಪೇಪರ್ ಓದುವವನಂತೆ ಕೂತಿರುತ್ತೇನೆ.

ಇವತ್ತು ಆಫೀಸಿಗೆ ಅರ್ಧ ದಿನ ರಜೆ ಹಾಕಿ, ರಾಜಾಜಿನಗರದ ನಿನ್ನ ಕರಾಟೆ ಕ್ಲಾಸಿಗೆ ಹೋಗಿದ್ದೆ. ಹೆತ್ತವನಿಗೇ ಕೈ ಅಡ್ಡ ಹಿಡಿಯುವುದನ್ನು ಕಲಿಸಿದಿರಲ್ಲ ಎಂದು ಮಾಸ್ತರನ್ನು ತರಾಟೆಗೆ ತೆಗೆದುಕೊಳ್ಳುವ ಸಿಟ್ಟಿತ್ತು. ನೀನು ಅಲ್ಲಿಗೂ ಬಂದಿಲ್ಲವೆಂದು ತಿಳಿದಾಗ ಅಲ್ಲೇ ಬೆಂಚಿನ ಮೇಲೆ ಕೂತೆ.

“ನೀವು ಅವನಿಗೆ ಏನಾಗ್ಬೇಕು ಸಾರ್?” ಎಂದು ಮಾಸ್ತರು ಕೇಳಿದರು.

“ಪಕ್ಕದ ಮನೆಯವನು” ಎಂದುಬಿಟ್ಟೆ. ಯಾಕೆ ಹಾಗೆಂದೆನೋ.

“ಹಂಗಾದ್ರೆ ಹೇಳ್ತೀನಿ. ಬೇರೆ ಹುಡುಗರು ಇಟ್ಟಿಗೆ ಒಡೆಯೋದು ಯಾವಾಗ ಕಲಿಸ್ತೀರಿ ಅಂತ ಕೇಳ್ತಾರೆ. ಇವನು ಮೊದಲನೇ ದಿನವೇ, ಸೊಂಟದ ಬೆಲ್ಟ್ ಬಿಚ್ಚಿ ಹೊಡೆಯೋಕೆ ಬಂದ್ರೆ ತಡೆಯೋದು ಹೆಂಗೆ ಅಂತ ಕೇಳಿದ. ವರ್ಷವೆಲ್ಲ ಅದನ್ನೇ ಕಲಿತ. ತಿರುಗಿಸಿ ಹೊಡಿಯೋ ಅಂದ್ರೆ ಕೈಯೇ ಬರ್ತಿರಲಿಲ್ಲ ಅವನಿಗೆ.”

ಆ ಸಂಜೆ ನಾನು ಬೆಲ್ಟ್ ಬೀಸಿದಾಗ ನಿನಗೆ ತಿರುಗಿಸಿ ಹೊಡೆಯುವಷ್ಟು ಬಲವಿತ್ತು. ನೀನು ತಡೆದೆ, ಅಷ್ಟೇ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದೆ.

ನಾನು ಎದ್ದು ನಿಂತಾಗ ಮಾಸ್ತರು ಬಾಗಿಲವರೆಗೂ ಬಂದರು. “ಅವನ ತಂದೆ ಸಿಕ್ಕಿದ್ರೆ ಒಂದ್ಸಲ ನನ್ನ ಹತ್ರ ಬಂದು ಮಾತಾಡೋಕೆ ಹೇಳಿ ಸಾರ್. ನಾನೇನೂ ಬೈಯಲ್ಲ.”

“ಹೇಳ್ತೀನಿ” ಎಂದೆ.

ನಿನ್ನ ಅಪ್ಪ