ಹನ್ನೆರಡು ಗೆಣ್ಣುಗಳ ಅಪರಾಧ

ಪರೀಕ್ಷಾ ಶಿಸ್ತಿನ ಮಾನ್ಯ ಅಧಿಕಾರಿಗಳೇ,

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿಯೊಬ್ಬಳು ಬೆರಳೆಣಿಸಿದಳೆಂದು ನೀವು ಅವಳನ್ನು ಕಾಲೇಜಿನಿಂದ ಹೊರಹಾಕಲು ಹೊರಟಿದ್ದೀರಿ. ಇದೇ ನನ್ನ ದೂರು. ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ. ಮೂರಕ್ಕೂ ನಿಮ್ಮ ಕಂಪ್ಯೂಟರ್ ಒಂದೇ ಉತ್ತರ ಕೊಟ್ಟಿತು: 'ನಿಯಮದಲ್ಲಿ ವಿನಾಯಿತಿ ಇಲ್ಲ.' ಓದದೆಯೇ ಉತ್ತರಿಸುವವರಿಗೆ ಯಾವ ಭಾಷೆಯಾದರೇನು? ಆದ್ದರಿಂದ ಈಗ ಕನ್ನಡದಲ್ಲಿ, ನಾಲ್ಕು ಜನಕ್ಕೆ ಕೇಳುವಂತೆ ಬರೆಯುತ್ತಿದ್ದೇನೆ.

ಹುಡುಗಿಯ ಹೆಸರು ನುಜ್ಹತ್. ಬಾಗಲಕೋಟೆಯವಳು, ನಿಮ್ಮಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ. ನಿಮ್ಮಲ್ಲಿ ಎಂದರೆ, ಕೊರೊನಾ ಕೃಪೆಯಿಂದ, ಕಾರ್ಕ್ ನಗರದ ಅಂಚಿನ ಬ್ಯಾಲಿನ್‌ಕೊಲಿಗ್‌ನ ನಮ್ಮ ಮನೆಯಲ್ಲಿ. ಜನವರಿಯ ಪರೀಕ್ಷೆಯೂ ಇಲ್ಲೇ, ಕಾವಲಿಗೆ ಲ್ಯಾಪ್‌ಟಾಪಿನ ಕ್ಯಾಮೆರಾ. ಕ್ಯಾಲ್ಕುಲೇಟರ್ ನಿಷಿದ್ಧವೆಂದು ನೀವೇ ಹೇಳಿದ್ದಿರಿ. ವಿಧೇಯಳಾದ ಹುಡುಗಿ ಅಜ್ಜಿ ಕಲಿಸಿದ ಕ್ಯಾಲ್ಕುಲೇಟರನ್ನು ಹೊರತೆಗೆದಳು. ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಹೆಬ್ಬೆರಳನ್ನು ಒಂದೊಂದಾಗಿ ಓಡಿಸುವುದು. ಬೆರಳಿಗೆ ಮೂರು, ಕೈಗೆ ಹನ್ನೆರಡು. ಜಪ, ತಸ್ಬೀಹ್, ಬಸುರಿಯ ತಿಂಗಳು, ಹಬ್ಬಕ್ಕೆ ಉಳಿದ ದಿನ, ಎಲ್ಲವನ್ನೂ ನಮ್ಮ ಕಡೆ ಹೀಗೇ ಎಣಿಸಿಕೊಂಡು ಬಂದಿದ್ದೇವೆ. ನಿಮ್ಮ ಕ್ಯಾಮೆರಾ ವರದಿ ಬರೆಯಿತು: 'ಅನುಮಾನಾಸ್ಪದ ಕೈಸನ್ನೆ, ಹದಿನಾಲ್ಕು ಬಾರಿ.' ಸನ್ನೆ ಯಾರಿಗೆ, ಸ್ವಾಮಿ? ಆ ಕೋಣೆಯಲ್ಲಿದ್ದದ್ದು ಒಂದು ಕಪಾಟು ಮತ್ತು ನನ್ನ ಹೆಂಡತಿ ಶಾಂತಾ ಒಣಹಾಕಿದ್ದ ನನ್ನ ಎರಡು ಬನಿಯನ್ನು. ಬನಿಯನ್ನುಗಳಿಗೆ ಸಂಖ್ಯಾಶಾಸ್ತ್ರ ಬರುವುದಿಲ್ಲವೆಂದು ಪ್ರಮಾಣಪತ್ರ ಬೇಕಿದ್ದರೆ ಸಹಿ ಹಾಕಿ ಕೊಡುತ್ತೇನೆ.

ಕಾಪಿ ಹೊಡೆಯುವವರನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಬೇರೆಯವರಿಂದ ಪರೀಕ್ಷೆ ಬರೆಸಿದವನಿಗೂ ಹೆಬ್ಬೆರಳು ಆಡಿಸಿದವಳಿಗೂ ನಿಮ್ಮಲ್ಲಿ ಒಂದೇ ಶಿಕ್ಷೆ. ಇಷ್ಟು ಸಮಾನತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಶುಕ್ರವಾರ ಅದೇ ಕ್ಯಾಮೆರಾದೆದುರು ನಡೆಯುವ ವಿಚಾರಣೆಯಲ್ಲಿ ಸಮಿತಿ ಕೇಳಬಹುದಾದದ್ದೂ ಒಂದೇ ಪ್ರಶ್ನೆಯಂತೆ: ಕೈ ಆಡಿತೇ, ಇಲ್ಲವೇ? ಏಕೆ ಆಡಿತು ಎಂದು ಕೇಳಲು ನಿಯಮ ಬಿಡುವುದಿಲ್ಲ. ಹೌದೆಂದರೆ ಪದವಿ ಹೋಯಿತು, ಅದರ ಹಿಂದೆಯೇ ವೀಸಾ, ಅದರ ಹಿಂದೆ ಲೀಕ್ಸ್‌ಲಿಪ್ ಎಂಬ ಊರಿನಲ್ಲಿ ಸೆಪ್ಟೆಂಬರಿಗೆ ಕಾದಿರುವ ಕೆಲಸ.

"ಆಡಿಲ್ಲ ಅಂದ್ಬಿಡಮ್ಮ. ವಿಡಿಯೋ ಮಸುಕಾಗಿದೆ ಅನ್ನು," ಎಂದು ನಾನು ಹಿರಿಯನ ಗಾಂಭೀರ್ಯದಿಂದ ಸಲಹೆ ಕೊಟ್ಟೆ.

"ಆಡೈತಲ್ರಿ ಅಂಕಲ್. ಸುಳ್ಳ ಹೇಳಿ ಉಳಕೊಂಡ್ರ ಅದು ಕಾಪಿ ಹೊಡದಂಗ ಆಗಂಗಿಲ್ಲೇನ್ರಿ?"

"ಸರಿಯಾಗಿ ಕೇಳಿಸ್ಕೊಳ್ಳಿ," ಎಂದಳು ಶಾಂತಾ ನನಗೆ. "ಇಪ್ಪತ್ತು ವರ್ಷದಿಂದ ನಾನು ಹೇಳಿದ್ದು ತಲೆಗೆ ಹೋಗ್ಲಿಲ್ಲ. ಈ ಮಗು ಹೇಳಿದ್ದಾದ್ರೂ ಹೋಗ್ಲಿ."

ಅಂದಿನಿಂದ ನಮ್ಮ ಮನೆಗೆ ಒಂದು ಕಡೆ ಕೂರುವ ಅಭ್ಯಾಸವೇ ತಪ್ಪಿದೆ. ನುಜ್ಹತ್ ಮಹಡಿಯ ಹದಿಮೂರು ಮೆಟ್ಟಿಲು ಹತ್ತುತ್ತಾಳೆ, ಇಳಿಯುತ್ತಾಳೆ, ಮತ್ತೆ ಹತ್ತುತ್ತಾಳೆ. ಶಾಂತಾ ಒರೆಸಿದ ಕಟ್ಟೆಯನ್ನೇ ಸ್ಯಾನಿಟೈಸರ್ ಹಾಕಿ ಒರೆಸುತ್ತಾಳೆ. ನಾನು ಫ್ರಿಜ್ಜಿನ ಬಾಗಿಲು ತೆಗೆದು, ಏನು ಬೇಕಿತ್ತೆಂದು ತಿಳಿಯದೆ ಮುಚ್ಚುತ್ತೇನೆ. ಹೊರಗೆ ಸುತ್ತಾಡೋಣವೆಂದರೆ ಲಾಕ್‌ಡೌನು, ಐದು ಕಿಲೋಮೀಟರ್ ದಾಟುವಂತಿಲ್ಲ.

ದಾಟಿದೆವು, ನಿಮ್ಮಿಂದಾಗಿಯೇ ದಾಟಿದೆವು. ಮೇಲ್ಮನವಿಯನ್ನು ಖುದ್ದಾಗಿ ತಂದು ಪೆಟ್ಟಿಗೆಗೆ ಹಾಕಬೇಕೆಂಬುದು ನಿಮ್ಮ ಇನ್ನೊಂದು ವಿನಾಯಿತಿಯಿಲ್ಲದ ನಿಯಮ. ಕಾಲೇಜು ಎಂಟು ಕಿಲೋಮೀಟರ್ ದೂರ. ದಾರಿಯಲ್ಲಿ ಗಾರ್ಡಾ, ಎಂದರೆ ಇಲ್ಲಿನ ಪೊಲೀಸ್, ಕಾರು ನಿಲ್ಲಿಸಿದಳು. ಮಾಸ್ಕಿನೊಳಗೆ ಬೆವರುತ್ತ ನಾನು ನಿಮ್ಮ ಕಾಲೇಜಿನ ಇತಿಹಾಸದಿಂದ ಶುರುಮಾಡಿದೆ. ಆಕೆ ನನ್ನನ್ನು ಬಿಟ್ಟು ಹಿಂದಿನ ಸೀಟಿನತ್ತ ಬಗ್ಗಿದಳು. ಅಲ್ಲಿ ನುಜ್ಹತಳ ಹೆಬ್ಬೆರಳು ತನ್ನ ಪಾಡಿಗೆ ಓಡುತ್ತಿತ್ತು.

"ಏನಮ್ಮಾ ಅದು, ಏನು ಎಣಿಸ್ತಿದ್ದೀಯ?" ಎಂದು ಆಕೆ ತನ್ನ ಕಾರ್ಕ್ ಇಂಗ್ಲಿಷಿನಲ್ಲಿ ಕೇಳಿದಳು.

"ಎಷ್ಟು ಕಿಲೋಮೀಟರ್ ತಪ್ಪು ಮಾಡಿದ್ದೀವಿ ಅಂತ," ಎಂದು ಇವಳೂ ಇಂಗ್ಲಿಷಿನಲ್ಲೇ ಹೇಳಿದಳು. "ಇಲ್ಲಿಗೆ ಒಂದು. ಕಾಲೇಜಿಗೆ ಹೋದ್ರೆ ಮೂರು."

ಗಾರ್ಡಾ ನಕ್ಕುಬಿಟ್ಟಳು. ಅರ್ಜಿ ನೋಡಿದಳು. "ಗ್ರ್ಯಾಂಡ್," ಎಂದು, ಅಂದರೆ ಇಲ್ಲಿನವರ ಬಾಯಲ್ಲಿ 'ಸರಿ, ಹೋಗಿ' ಎಂದು, ದಾರಿ ಬಿಟ್ಟಳು.

ದಂಡ ಹಾಕುವ ಅಧಿಕಾರ ಆಕೆಗೂ ಇತ್ತು, ಅಧಿಕಾರಿಗಳೇ. ಆದರೂ ಆಕೆ ಕಿಟಕಿಗೆ ಬಗ್ಗಿ ಒಂದು ಮಾತು ಕೇಳಿದಳು. ಈ ಒಂದೂವರೆ ತಿಂಗಳಲ್ಲಿ ಆ ಹುಡುಗಿಯನ್ನು 'ಏನು ಎಣಿಸುತ್ತಿದ್ದೀಯ' ಎಂದು ಕೇಳಿದವರು ಆಕೆಯೊಬ್ಬಳೇ. ಆ ಪ್ರಶ್ನೆ ಕೇಳಿದರೆ ನಿಮ್ಮ ಕಾಲೇಜಿನ ಯಾವ ಗೋಡೆ ಬಿರುಕು ಬಿಡುತ್ತದೆ?

ನನ್ನ ಬೇಡಿಕೆ ಅಷ್ಟೇ. ಶುಕ್ರವಾರ 'ಆಡಿತೇ' ಎಂದು ಕೇಳಿ, ಅವಳು ಖಂಡಿತ ಹೌದೆನ್ನುತ್ತಾಳೆ. ಅದಾದ ಮೇಲೆ ಕಡತ ಮುಚ್ಚಬೇಡಿ. 'ಏನು ಎಣಿಸುತ್ತಿದ್ದೆ' ಎಂದು ಕೇಳಿ, ಒಂದು ಲೆಕ್ಕ ಕೊಡಿ, ನಿಮ್ಮ ಕಣ್ಣೆದುರೇ ಮಾಡಲಿ. ಬನಿಯನ್ನುಗಳನ್ನು ನಾನು ಮೊದಲೇ ತೆಗೆಸಿರುತ್ತೇನೆ.

ಶುಕ್ರವಾರಕ್ಕೆ ಇನ್ನು ನಾಲ್ಕು ದಿನ. ಎಂದರೆ ಕಿರುಬೆರಳು ಪೂರ್ತಿ, ಉಂಗುರದ ಬೆರಳಲ್ಲಿ ಒಂದು ಗೆಣ್ಣು. ಮೆಟ್ಟಿಲ ಮೇಲೆ ಅವಳೂ ಎಣಿಸುತ್ತಿದ್ದಾಳೆ, ಅಡುಗೆಮನೆಯಲ್ಲಿ ಶಾಂತಾಳೂ.

ಇಂತಿ,
ಈ ಪತ್ರ ಮುಗಿಸುವಷ್ಟರಲ್ಲಿ ತಾನೂ ಹದಿನಾಲ್ಕು ಬಾರಿ ಕೈ ಆಡಿಸಿ ಶಿಕ್ಷೆಗೆ ಅರ್ಹನಾದ
ಚಂದ್ರಕಾಂತ, ಬ್ಯಾಲಿನ್‌ಕೊಲಿಗ್