ಹೊಸ ಹಾಸಿಗೆ ಬೇಡ

ಅಣ್ಣನ ಮನೆಯಿಂದ,
ಮಂಗಳವಾರ

ರೀ,

ಫೋನಿನಲ್ಲಾದರೆ ಮಾತಿಗೆ ಮಾತು ಬೆಳೆಯುತ್ತದೆ, ಈ ಪುಟ್ಟ ಮನೆಯಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಅದಕ್ಕೇ ಬರೆದು, ಆ ಕಡೆ ಬರುವ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದೇನೆ. ನಾನು ಆರಾಮ, ಗುಬ್ಬಿಯೂ ಆರಾಮ. ಇಲ್ಲಿಗೆ ಬಂದ ಮೇಲೆ ಮಗಳ ಉಬ್ಬಸ ಇಳಿದಿದೆ, ಚಿಂತೆ ಮಾಡಬೇಡಿ.

ನಿಮ್ಮ ಕಾಗದ ತಲುಪಿತು. ಹತ್ತಿಯ ಮೂಟೆಗಳನ್ನೂ ಹಿಂಜುವ ಯಂತ್ರವನ್ನೂ ಮುಂದಿನ ಕೋಣೆಯಿಂದ ತೆಗೆದು ಬೀದಿ ಕೊನೆಯ ಶೆಡ್ಡಿಗೆ ಸಾಗಿಸಿದ್ದೀರಂತೆ. ಮನೆ ಬಿಟ್ಟು ಬರುವಾಗ ನಾನು ಕೂಗಾಡಿದ್ದು ಇದಕ್ಕೇ. ಇಷ್ಟು ಬೇಗ ಮಾಡುತ್ತೀರೆಂದುಕೊಂಡಿರಲಿಲ್ಲ. ಸಂತೋಷವಾಯಿತು, ನಿಜ. ಪರದೆ ತೆಗೆದದ್ದೂ ಒಳ್ಳೆಯದಾಯಿತು. ಆದರೆ ಎರಡು ಹೊತ್ತೂ ಗುಡಿಸುತ್ತೇನೆ ಎಂದು ಬೀಗಬೇಡಿ. ಒಣ ಪೊರಕೆ ಆಡಿಸಿದರೆ ಎದ್ದ ಧೂಳು ಮತ್ತೆ ಅಲ್ಲೇ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಬೀರುವಿನ ಹಿಂದಿನ ಗೋಡೆ ಬೂಷ್ಟು ಹಿಡಿದಿದೆ. ಸೋರುವ ಪೈಪು ಸರಿಮಾಡಿಸದೆ ಸುಣ್ಣ ಬಳಿದು ಏನು ಪ್ರಯೋಜನ?

ಇನ್ನು ಆ ಹಾಸಿಗೆ. ಎರಡೆರಡು ಸಲ ಹಿಂಜಿದ ಹತ್ತಿ ತುಂಬಿ ಗುಬ್ಬಿಗೆಂದೇ ಹೊಸದೊಂದು ಹೊಲಿದಿಟ್ಟಿದ್ದೇನೆ ಎಂದು ಬರೆದಿದ್ದೀರಿ. ಓದಿ ತಲೆ ಚಚ್ಚಿಕೊಳ್ಳಬೇಕೆನಿಸಿತು. ಆಮೇಲೆ ಅಳು ಬಂತು. ಯಾರಿಗಾದರೂ ಮಾರಿಬಿಡಿ. ಹಿತ್ತಲ ಗಿಡ ಮದ್ದಲ್ಲ ಎಂದು ನೀವು ಸಿಡುಕುವುದು ಇಲ್ಲಿಗೇ ಕೇಳಿಸುತ್ತಿದೆ. ಸಿಡುಕಿ, ಪರವಾಗಿಲ್ಲ. ಅಂಗಡಿಯಿಂದ ಫೋಮಿನದು ತಂದು, ಜಿಪ್ ಇರುವ ಕವರು ಹಾಕಿಡಿ. ನಿಮ್ಮ ಹಾಸಿಗೆಗಳ ಮೇಲೆ ಇಡೀ ಬೀದಿ ಗೊರಕೆ ಹೊಡೆಯುತ್ತದೆ. ನಮ್ಮ ಮಗು ಮಾತ್ರ ಉಸಿರು ಕಟ್ಟಿ ಎದ್ದು ಕೂರುತ್ತದೆ, ನಾನೇನು ಮಾಡಲಿ?

ಕೆಲಸದಿಂದ ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಅವಳನ್ನು ಎತ್ತಿಕೊಳ್ಳಬಾರದು ಎಂದಿದ್ದಾರೆ ಡಾಕ್ಟರು. ನಿಮ್ಮ ಹುಬ್ಬಿನಿಂದ ಹತ್ತಿ ಎಳೆ ಕೀಳುವ ಆಟ ಇನ್ನಿಲ್ಲ ಎಂದಿದ್ದಕ್ಕೆ ಅವಳು, ಹಾಗಾದ್ರೆ ಅಪ್ಪ ಬಂದ್ರೂ ನಾನು ದೂರ ನಿಂತ್ಕೋಬೇಕಾ ಎಂದು ಕೇಳಿದಳು. ನಿಜ ಹೇಳುತ್ತೇನೆ, ಸಾಕಾಗಿದೆ. ಒರೆಸು, ಒಗೆ, ಬಿಸಿಲಿಗೆ ಹಾಕು, ಅವಳ ಎದೆಗೆ ಕಿವಿಗೊಟ್ಟು ಕೂರು. ಇಷ್ಟೇ ಆಗಿದೆ ನನ್ನ ಬಾಳು.

ಭಾನುವಾರ ಕರೆದೊಯ್ಯಲು ಬರುತ್ತೇನೆ ಎಂದಿದ್ದೀರಿ. ಅವಸರವೇನಿಲ್ಲ. ಅಣ್ಣ ಅತ್ತಿಗೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಮೊದಲು ಮನೆ ಪೂರ್ತಿ ಸರಿಯಾಗಲಿ.

ಇಂತಿ,
ಸಿಟ್ಟು ಅರ್ಧ ಇಳಿದಿರುವ
ನಿಮ್ಮವಳು

ತಾ.ಕ.: ಆರಾಮ ಎಂದು ಬರೆದದ್ದು ಸುಳ್ಳು. ಗುಬ್ಬಿ ಇಲ್ಲೂ ಕೆಮ್ಮುತ್ತಾಳೆ. ಮಗುವನ್ನು ಸೊಳ್ಳೆ ಕಚ್ಚಬಾರದೆಂದು ಅತ್ತಿಗೆ ಸಂಜೆಯಾದರೆ ಸೊಳ್ಳೆಬತ್ತಿ ಹಚ್ಚುತ್ತಾರೆ, ಪ್ರೀತಿಯಿಂದಲೇ. ಒಮ್ಮೆ ಬೇಡವೆಂದೆ. ಅವರ ಮುಖ ಸಣ್ಣಗಾಯಿತು. ಅಂದಿನಿಂದ ಮಗಳು, ಅತ್ತೆಗೆ ಕೇಳಿಸದಿರಲೆಂದು, ಬಾಯಿಗೆ ಟವೆಲ್ ಒತ್ತಿಕೊಂಡು ಕೆಮ್ಮುತ್ತಿದ್ದಾಳೆ. ನಿನ್ನೆ ಇನ್ಹೇಲರ್ ಕೊಡಬೇಕಾಯಿತು. ಹೊಗೆ ಆರಿಸಿ ಎಂದು ಕೂಗಾಡುವುದಕ್ಕೂ ಸ್ವಂತ ಮನೆಯೇ ಬೇಕು ರೀ. ಭಾನುವಾರದವರೆಗೆ ಕಾಯಬೇಡಿ. ನಾಳೆ ಮೊದಲನೇ ಬಸ್ಸಿಗೇ ಬಂದುಬಿಡಿ.