ಹುಣಸೆಬುಡದಲ್ಲಿ ಹೂತ ಕೊಡಲಿ

ಅಜ್ಜಂಪುರ,
ಪರೀಧಾವಿ ಸಂವತ್ಸರ, ಕಾರ್ತಿಕ ಬಹುಳ ಬಿದಿಗೆ, ಮಂಗಳವಾರ

ತಮ್ಮಾ ರೇವಣಾ,

ಹಾಗಲ್ಲ ಕಣೋ, ನಿನ್ನೆ ನಾನು ಹೇಳಲು ಹೊರಟದ್ದು ಅದಲ್ಲ. ನೀನು ಬಾಗಿಲು ಹಾಕಿಕೊಂಡ ಮೇಲೆ ಉಳಿದ ಮಾತನ್ನೆಲ್ಲ ನಿನ್ನ ಮಾವನ ಮನೆಯ ಜಗಲಿಯ ಕಂಬಕ್ಕೆ ಹೇಳಿ ಎದ್ದು ಬಂದೆ. ಕಂಬಕ್ಕೆ ಹೇಳಿದ್ದನ್ನೇ ಈಗ ಕಾಗದಕ್ಕೆ ಹೇಳುತ್ತಿದ್ದೇನೆ. ಹರಿದು ಹಾಕುವ ಮುಂಚೆ ಒಂದು ಸಲ ಓದು. ನಿನಗೆ ತ್ರಾಸವಾಗಬಾರದೆಂದು ಅಕ್ಷರ ದಪ್ಪವಾಗಿ ಬರೆದಿದ್ದೇನೆ. ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಲು ಕೈ ಬರುವುದಿಲ್ಲ. ನಾಗವೇಣಿ ಹೇಗಿದ್ದಾಳೆ? ನಿನ್ನೆ ಮೂರು ಕಂಬಳಿ ಹೊದೆಸಿದ್ದರೂ ಮಗುವಿನ ಹಲ್ಲು ಕಟಕಟ ಅನ್ನುವುದು ಜಗಲಿಯ ತನಕ ಕೇಳಿಸುತ್ತಿತ್ತು. ಇವತ್ತು ಜ್ವರಕ್ಕೆ ಬಿಡುವಿನ ದಿನವಾಗಿರಬೇಕು. ಎರಡು ತುತ್ತು ಗಂಜಿಯಾದರೂ ಹೋಯಿತೇ? ಹೊಟ್ಟೆಯ ಎಡಭಾಗ ಮುಟ್ಟಿದರೆ ನೋವು ಅನ್ನುತ್ತಾಳೆಯೇ? ಹೆತ್ತವಳು ದಾಕ್ಷಾಯಣಿ ನಿದ್ದೆಗೆಟ್ಟು ಏನಾಗಿದ್ದಾಳೋ. ನೀನಾದರೂ ಉಂಡೆಯಾ?

ನೀನು ಬೈದದ್ದಕ್ಕೆ ನನಗೆ ಬೇಸರವಿಲ್ಲ. ಮೂರು ವರ್ಷ ಒಂದು ಮಾತೂ ಆಡದಿದ್ದವನು ನಿನ್ನೆ ಬೈಯುವುದಕ್ಕಾದರೂ ಬಾಯಿ ಬಿಟ್ಟೆಯಲ್ಲ. "ಹೊಸಲು ದಾಟ್‌ಬ್ಯಾಡ ಕಣಣ್ಣಾ, ನಿನ್ ಕಾಲ್ ಮುರೀತೀನಿ" ಅಂದೆ. "ದನದ ಹಿಂದೆ ಅಲ್ಕೊಂಡು ನಿನ್ನ ಓದ್ಸುದ್ನಲ್ಲ, ಇಂಗ್ಲೀಷಿನ ಜೊತೆಗೆ ಮಾಟಾನೂ ಹೇಳ್ಕೊಟ್ರಾ ಮೈಸೂರ್ನಲ್ಲಿ?" ಅಂದೆ. ಬೀದಿಯವರೆಲ್ಲ ನಿಂತು ಕೇಳಿದರು. ಕೇಳಲಿ. ನಾನು ತಂದ ಔಷಧಿಯ ಪೊಟ್ಟಣವನ್ನು ಚರಂಡಿಗೆ ಎಸೆದೆಯಲ್ಲ, ಅದೊಂದು ಮಾತ್ರ ನನ್ನನ್ನು ಕೊಂದಿತು. ಒಳಗಿನಿಂದ ಅವಳು "ದೊಡ್ಡಪ್ಪಾ" ಅಂದಳು. ನಿನಗೂ ಕೇಳಿಸಿತು. ಕೇಳಿಸಿಯೇ ನೀನು ಬಾಗಿಲು ಹಾಕಿದೆ.

ಆ ಕೊಡಲಿಯ ವಿಷಯ ಈಗ ಬಿಡಿಸಿ ಹೇಳುತ್ತೇನೆ. ಇದು ಇಂಗ್ಲೀಷಿನವರ ಒಂದು ಮಾತಿನಿಂದ ಆದ ಅನಾಹುತ. ಮೈಸೂರಿನ ಕಾಲೇಜಿನಲ್ಲಿ ಎಫ್.ಎ. ಓದುವಾಗ ನಮ್ಮ ಇಂಗ್ಲೀಷ್ ಮೇಷ್ಟ್ರು ಪ್ರತಿ ಶನಿವಾರ ಹತ್ತು ಹತ್ತು ನುಡಿಗಟ್ಟು ಬರೆಸುತ್ತಿದ್ದರು. ಒಂದು ಗೆರೆಯಲ್ಲಿ ಮಾತು, ಅದರ ಕೆಳಗೆ ಅರ್ಥ, ಅದರ ಕೆಳಗೆ ಅದು ಹುಟ್ಟಿದ ಕಥೆ. ಎರಡು ಸಲ ಕೂತೂ ಪರೀಕ್ಷೆ ಪಾಸಾಗಲಿಲ್ಲ, ಅದು ನಿನಗೆ ಗೊತ್ತೇ ಇದೆ. ನೀನು ಕಟ್ಟಿ ಕಳಿಸಿದ ರೊಟ್ಟಿ ತಿಂದು ಕಲಿತದ್ದರಲ್ಲಿ ಮುಕ್ಕಾಲು ಪಾಲು ಮರೆತೂ ಹೋಯಿತು. ಮರೆಯದೆ ಉಳಿದ ನಾಲ್ಕಾರರಲ್ಲಿ ಇದೊಂದು, 'ಬೆರಿ ದಿ ಹ್ಯಾಚೆಟ್.' ಹ್ಯಾಚೆಟ್ ಎಂದರೆ ಕೈಗೊಡಲಿ. ಕೊಡಲಿಯನ್ನು ಹೂಳು ಎಂದು ಅದರ ಮಾತು. ಜಗಳ ಬಿಟ್ಟು ರಾಜಿಯಾಗು ಎಂದು ಅದರ ಅರ್ಥ. ಅಮೆರಿಕಾ ಖಂಡದಲ್ಲಿ ಬಿಳಿಯರು ಕಾಲಿಡುವ ಮುಂಚಿನಿಂದ ಇದ್ದ ಜನ ತಮ್ಮ ತಮ್ಮಲ್ಲಿ ಯುದ್ಧ ಮುಗಿಸಿದಾಗ ಕೊಡಲಿಗಳನ್ನು ನೆಲದಲ್ಲಿ ಹೂಳುತ್ತಿದ್ದರಂತೆ. ಮತ್ತೆ ಯುದ್ಧ ಬೇಕೆಂದವರು ಅಗೆದು ತೆಗೆಯಬೇಕು. ಅಗೆಯುವಷ್ಟರಲ್ಲಿ ಸಿಟ್ಟು ಇಳಿಯುತ್ತದೆ ಎಂದು ಮೇಷ್ಟ್ರು ನಕ್ಕಿದ್ದರು. ಅದು ಅವರೇ ಸೇರಿಸಿದ್ದೋ ಏನೋ.

ನಮ್ಮ ಜಗಳದ ಕೊಡಲಿ ಯಾವುದು ಎಂದು ನಿನಗೆ ಹೇಳಬೇಕಾಗಿಲ್ಲ. ಪಾಲಾದ ಮೇಲೆ ಬದುವಿನ ಹುಣಸೆಮರ ನಿನ್ನದೋ ನನ್ನದೋ ಎಂದು ಎರಡು ವರ್ಷ ಕಿತ್ತಾಡಿದೆವು. ಒಂದು ಬೆಳಿಗ್ಗೆ ನಾನು ಅಪ್ಪನ ಕೊಡಲಿ ತಂದು ಯಾರಿಗೂ ಬೇಡವೆಂದು ಅದನ್ನು ಬುಡಕ್ಕೇ ಕಡಿದೆ. ಆ ಮರಕ್ಕೇ ಅಪ್ಪ ನಮ್ಮಿಬ್ಬರಿಗೂ ಜೋಕಾಲಿ ಕಟ್ಟಿದ್ದರು. ಹಗ್ಗದ ಗಾಯ ಕೊಂಬೆಯ ಮೇಲೆ ಹಾಗೇ ಇತ್ತು. ಕೆಡವಿದ ಮೇಲೆ ಕಣ್ಣಿಗೆ ಬಿತ್ತು. ನೀನು ಆಚೆ ಹೊಲದಲ್ಲಿ ನಿಂತು ನೋಡಿದೆ, ಆವತ್ತಿನಿಂದ ಮಾತು ಬಿಟ್ಟೆ. ಹೋದ ವರ್ಷ ನಿನ್ನ ಅತ್ತಿಗೆ ಶಂಕರಮ್ಮ ಲಿಂಗೈಕ್ಯಳಾದಾಗ ಬಂದೆ, ಮಣ್ಣು ಹಾಕಿದೆ, ಮಾತಾಡದೆ ಹೋದೆ. ಅವಳು ಕೊನೆಯ ದಿನ ಹೇಳಿದ್ದು ನಿನಗೆ ತಲುಪಲೇ ಇಲ್ಲ. "ನಾನ್ ಹೋದ್ಮೇಲಾದ್ರೂ ಅಣ್ಣತಮ್ಮ ಒಂದಾಗ್ರೀ. ಆ ಹುಡುಗಿ ಬದುವಿನ್ ಆಚೆ ನಿಂತು ದೊಡ್ಡಮ್ಮಾ ಅಂತ ಕರೀತದೆ, ನಂಗ್ ತಡ್ಯಾಕಾಗಲ್ಲ" ಅಂದಿದ್ದಳು. ವರ್ಷವಿಡೀ ಅದೇ ಮಾತು ಕಿವಿಯಲ್ಲಿತ್ತು. ನಿನ್ನ ಮನೆಗೆ ಬಂದು 'ತಪ್ಪಾಯಿತು' ಅನ್ನಲು ಹಿರಿಯನೆಂಬ ಜಂಬ ಬಿಡಲಿಲ್ಲ.

ಈ ಸಲದ ಆಯುಧಪೂಜೆಯಲ್ಲಿ ಗುದ್ದಲಿ, ನೇಗಿಲು, ಕುಡುಗೋಲಿನ ಜೊತೆ ಅಪ್ಪನ ಕೊಡಲಿಗೂ ವಿಭೂತಿ ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ಟೆ. ಅದನ್ನು ನೋಡುತ್ತಾ ಕೂತಾಗ ಮೇಷ್ಟ್ರ ಆ ಮಾತು ನೆನಪಾಯಿತು. ಇದು ಗೌರವದ ಕೆಲಸ, ಬಾಯಿ ಬಿಟ್ಟು ಕೇಳದೆಯೇ ಕ್ಷಮೆ ಕೇಳಿದ ಹಾಗೆ ಆಗುತ್ತದೆ ಎಂದು ನನ್ನ ಬುದ್ಧಿಗೆ ತೋಚಿತು. ಮಾರನೆಯ ದಿನ, ವಿಜಯದಶಮಿಯ ಬೆಳಗಿನ ಜಾವ, ಪೂಜೆಯ ಕುಂಕುಮ ಅಳಿಸದೆ, ನಿಂಬೆಹಣ್ಣನ್ನೂ ತೆಗೆಯದೆ, ಶಂಕರಮ್ಮನ ಹಸಿರು ಸೀರೆಯ ಸೆರಗಿನಲ್ಲಿ ಸುತ್ತಿ, ಹುಣಸೆಬುಡದ ಪಕ್ಕದಲ್ಲಿ ಗೇಣು ಆಳ ಅಗೆದು ಹೂತೆ. ಸೆರಗು ಯಾಕೆ ಅಂದರೆ, ಆಸೆ ಅವಳದಲ್ಲವೇ. ಮಣ್ಣು ಮುಚ್ಚಿ ಕೈಮುಗಿದು ಅತ್ತೂ ಬಿಟ್ಟೆ. ಸಂಜೆ ಬನ್ನಿ ಕೊಡುವ ನೆಪದಲ್ಲಿ ನಿನ್ನ ಮನೆಗೆ ಬಂದು ಎಲ್ಲ ಹೇಳಬೇಕೆಂದಿದ್ದೆ. ಬಾಗಿಲ ತನಕ ಬಂದೆ. ಒಳಗೆ ನೀನು ಯಾರನ್ನೋ ಗದರುತ್ತಿದ್ದೆ, ತಿರುಗಿ ಹೋದೆ. ಆವತ್ತು ನಾಲ್ಕು ಹೆಜ್ಜೆ ಮುಂದಿಟ್ಟಿದ್ದರೆ ಇವತ್ತು ಈ ಕಾಗದ ಇರುತ್ತಿರಲಿಲ್ಲ.

ಎಂಟನೆಯ ದಿನ ಕಡಲೆ ಬಿತ್ತನೆಗೆ ಉಳುವಾಗ ನಿನ್ನ ಆಳು ತಿಮ್ಮಪ್ಪನ ನೇಗಿಲಿಗೆ ಅದು ಸಿಕ್ಕಿತು. "ಅಯ್ಯಯ್ಯೋ ಯಾರೋ ಏನೋ ಮಡಗವ್ರೆ, ಮುಟ್ಬ್ಯಾಡ್ರಪ್ಪೋ" ಎಂದು ಅವನು ಕೂಗಿದ್ದು ನನ್ನ ಹೊಲಕ್ಕೆ ಕೇಳಿಸಿತು. ಆಗಲೂ ಓಡಿಬಂದು ನಾನೇ ಇಟ್ಟದ್ದು ಅನ್ನಬಹುದಿತ್ತು. ಹತ್ತು ಜನ ಸೇರಿದ್ದರು. ಕೊಡಲಿಗೆ ಸೀರೆ ಉಡಿಸಿ ಹೂತವನು ಎಂದು ಊರು ನಗುತ್ತದೆಂದು ಹೆದರಿ ಕಡಲೆ ಚೀಲದ ಮೇಲೆ ಸುಮ್ಮನೆ ಕೂತುಬಿಟ್ಟೆ. ದಾಕ್ಷಾಯಣಿ ಸೆರಗು ಗುರುತು ಹಿಡಿದಳು. ಬದುವಿನಲ್ಲಿ ಹೂತ ಕಬ್ಬಿಣ, ಕುಂಕುಮ, ನಿಂಬೆಹಣ್ಣು, ಸತ್ತವಳ ಬಟ್ಟೆ, ಸಾಲದ್ದಕ್ಕೆ ಪಕ್ಕದಲ್ಲೇ ಕಡಿದ ಹುಣಸೆಯ ಬುಡ. ನಿನ್ನ ಜಾಗದಲ್ಲಿ ನಾನಿದ್ದರೂ ಮಾಟವೆಂದೇ ಅನ್ನುತ್ತಿದ್ದೆ. ನಾನು ಇಟ್ಟದ್ದೆಲ್ಲ ಒಂದೊಂದಾಗಿ ಒಳ್ಳೆಯದು. ಒಟ್ಟಾಗಿ ನೋಡಿದವರಿಗೆ ಅದು ಬೇರೆ ಇನ್ನೇನೂ ಆಗಿ ಕಾಣುವ ಹಾಗಿರಲಿಲ್ಲ. ಬೆಳಗಾಗುವುದರೊಳಗೆ ನೀನು ಗಾಡಿ ಕಟ್ಟಿ ಸಂಸಾರ ಸಮೇತ ತರೀಕೆರೆಗೆ, ಮಾವನ ಮನೆಗೆ ಹೋಗಿಬಿಟ್ಟೆ.

ನಿನ್ನೆ ನಿನ್ನ ಬಾಗಿಲಿನಿಂದ ಬಂದವನೇ ಅಟ್ಟ ಹತ್ತಿ ಕಾಲೇಜಿನ ಟ್ರಂಕು ತೆಗೆದೆ. ನುಡಿಗಟ್ಟು ಬರೆದುಕೊಂಡಿದ್ದ ಪುಸ್ತಕ ಸಿಕ್ಕಿತು. ಅರ್ಧ ಗೆದ್ದಲಿನ ಪಾಲು. ಈ ಮಾತಿರುವ ಹಾಳೆಯ ಮೇಲ್ಭಾಗ ಮಾತ್ರ ಉಳಿದಿದೆ. ಅದರಲ್ಲಿ ನನ್ನ ಕೈಬರಹದಲ್ಲೇ ಇದೆ: ಎರಡು ಕಡೆಯ ನಾಯಕರೂ ಕೂಡಿ, ತಮ್ಮ ತಮ್ಮ ಜನರ ಎದುರಿಗೆ ಹೂಳುತ್ತಿದ್ದರು. ಒಂದು ಕಡೆಯ ಜನ ದೊಡ್ಡ ಮರವನ್ನು ಬೇರುಸಮೇತ ಎಬ್ಬಿಸಿ, ಅದರ ಕೆಳಗೆ ಆಯುಧಗಳನ್ನು ಹಾಕಿ, ಮರವನ್ನು ಮತ್ತೆ ನಿಲ್ಲಿಸಿದರಂತೆ. ಅದು ಯಾವ ಮರವೋ ಗೆದ್ದಲಿಗೇ ಗೊತ್ತು. ನೋಡಿದೆಯಾ ರೇವಣಾ, ಮುಖ್ಯವಾದದ್ದನ್ನೇ ನಾನು ಮರೆತಿದ್ದೆ. ಅವರು ಮರವನ್ನು ಉಳಿಸಿ ಹೂತರು, ನಾನು ಕಡಿದ ಮೇಲೆ ಹೂತೆ. ಅವರು ಇಬ್ಬರೂ ಕೂಡಿ ಹೂತರು, ನಾನು ಒಬ್ಬನೇ, ಕಳ್ಳನ ಹಾಗೆ, ಕತ್ತಲಲ್ಲಿ. ಆ ಹಾಳೆಯನ್ನು ಇದರೊಳಗಿಟ್ಟಿದ್ದೇನೆ. ತರೀಕೆರೆಯ ಸ್ಕೂಲು ಮೇಷ್ಟ್ರ ಹತ್ತಿರ ಓದಿಸು. ನಿನ್ನ ಅಣ್ಣ ದಡ್ಡ ಎಂದು ಅವರು ಹೇಳಿಯಾರು, ಮಾಟಗಾರ ಎಂದು ಹೇಳಲಾರರು.

ಈಗ ಮಗುವಿನ ಮಾತು. ಜ್ವರ ಬಂದದ್ದು ನೀನು ಇಲ್ಲಿಂದ ಹೋಗಿ ಹದಿನೈದು ದಿನದ ಮೇಲೆ. ಕೊಡಲಿಯಿಂದ ಬಂದದ್ದಲ್ಲ, ಅಲ್ಲಿಯ ಸೊಳ್ಳೆಯಿಂದ ಬಂದದ್ದು. ನಿನ್ನೆ ಬರುವ ಮುಂಚೆ, ತಿಮ್ಮಪ್ಪನಿಂದ ಕೇಳಿ ತಿಳಿದಿದ್ದ ಲಕ್ಷಣವನ್ನು ಕಡೂರಿನ ಡಾಕ್ಟರಿಗೆ ಹೇಳಿದ್ದೆ. ದಿನ ಬಿಟ್ಟು ದಿನ ಚಳಿ ಅಂದ ಕೂಡಲೇ ಅವರು "ಇಲ್ಲಿ ನಿಂತ್ಕೊಂಡು ಏನ್ ಹೇಳ್ತೀರ್ರೀ, ಕ್ವಿನೈನು ಕೊಡಿ ಹೋಗಿ, ತಡ ಮಾಡಿದ್ರೆ ತಲೆಗೇರ್ತದೆ" ಎಂದು ನನ್ನನ್ನೇ ಗದರಿದರು. ನೀನು ಕರೆಸಿರುವ ಮಂತ್ರವಾದಿ ಅಮಾವಾಸ್ಯೆಯ ತನಕ ಯಾವ ಔಷಧಿಯೂ ಕೂಡದು ಅಂದಿದ್ದಾನಂತೆ. ಅಮಾವಾಸ್ಯೆಗೆ ಇನ್ನೂ ಹನ್ನೆರಡು ದಿನವಿದೆ. ಏಳು ವರ್ಷದ ಕೂಸು ಹನ್ನೆರಡು ದಿನ ಬೇವಿನ ಸೊಪ್ಪಿನ ಹೊಗೆ ಕುಡಿದುಕೊಂಡು ಬದುಕುತ್ತದೆಯೇನೋ? ಇನ್ನೊಂದು ಪೊಟ್ಟಣ ನನ್ನ ಹತ್ತಿರ ಇದೆ, ನನ್ನ ಕೈ ಮುಟ್ಟಿದ್ದು ಬೇಡವೆಂದರೆ ನೀನೇ ತರೀಕೆರೆಯ ಪೋಸ್ಟಾಫೀಸಿಗೆ ಹೋಗಿ ತಾ. ಸರ್ಕಾರದ ಮೊಹರಿನ ಪೊಟ್ಟಣ, ಕಾರ್ಡು ಮಾರುವ ಕಿಟಕಿಯಲ್ಲೇ ಸಿಗುತ್ತದೆ. ಇಷ್ಟಲಿಂಗ ಮುಟ್ಟಿ ಹೇಳುತ್ತೇನೆ, ನಾನು ಯಾರಿಗೂ ಕೇಡು ಬಗೆದವನಲ್ಲ. ನಿನ್ನ ಕಾಲಿಗೆ ಬೀಳುತ್ತೇನೆ ಅನ್ನುವುದನ್ನು ಅಣ್ಣನಾಗಿ ಬರೆಯಬಾರದು. ಬರೆದಿದ್ದೇನೆ.

ಇನ್ನೂ ಬರೆಯುವುದಿತ್ತು. ಅಪ್ಪ ನಿನ್ನನ್ನು ದನಕ್ಕೆ ಹಾಕಿ ನನ್ನನ್ನು ಮೈಸೂರಿಗೆ ಕಳಿಸಿದ ದಿನ ನೀನು ಸ್ಟೇಷನ್ನಿನ ತನಕ ನನ್ನ ಟ್ರಂಕು ಹೊತ್ತು ಬಂದದ್ದನ್ನು ಬರೆಯಬೇಕೆಂದಿದ್ದೆ. ಆದರೆ ಕಿಟಕಿಯ ಬೆಳಕು ಹೋಗುತ್ತಿದೆ, ಗೆರೆ ಕಾಣುತ್ತಿಲ್ಲ. ದಾಕ್ಷಾಯಣಿಗೆ, ನಿನ್ನ ಅತ್ತೆ ಮಾವಂದಿರಿಗೆ ನನ್ನ ಶರಣು ಹೇಳು, ಕೇಳಿಸಿಕೊಂಡರೆ. ನಾಗವೇಣಿಯ ನೆತ್ತಿ ಮುಟ್ಟಿ ನನ್ನ ಹೆಸರು ಹೇಳದೆ ನನ್ನ ಆಶೀರ್ವಾದ ತಲುಪಿಸು.

ನಿನ್ನ ಒಡಹುಟ್ಟಿದ
ತೀರ್ಥಪ್ಪ

ತಾ.ಕ. ನಿನ್ನ ಹೊಲ ನೋಡಲು ತರೀಕೆರೆಯಿಂದ ಬಂದಿದ್ದ ತಿಮ್ಮಪ್ಪ ಈಗ ಹಿತ್ತಲ ಬಾಗಿಲಿಗೆ ಬಂದು ಹೇಳಿ ನಿಂತಿದ್ದಾನೆ. ಅವನು ಬೆಳಿಗ್ಗೆ ಅಲ್ಲಿಂದ ಹೊರಡುವಾಗ ಮಗುವಿಗೆ ಬಿಡುವಿನ ದಿನವೂ ಜ್ವರ ಬಂದಿತ್ತಂತೆ, ಕರೆದರೆ ಕಣ್ಣು ಬಿಡುತ್ತಿರಲಿಲ್ಲವಂತೆ. ಇನ್ನೊಂದು ಕಾಗದ ಬರೆಯಲು ಹೊತ್ತಿಲ್ಲ, ಅವನು ಈ ಗಾಡಿಗೇ ಹೋಗಬೇಕು. ಮೇಲೆ ಬರೆದದ್ದೆಲ್ಲ ಸುಳ್ಳು. ಅಮೆರಿಕವೂ ಇಲ್ಲ, ಮೇಷ್ಟ್ರೂ ಇಲ್ಲ, ಒಳಗಿಟ್ಟ ಹಾಳೆಯನ್ನು ಒಲೆಗೆ ಹಾಕು. ಮಾಟ ಮಾಡಿದವನು ನಾನೇ. ಮರದ ಸಿಟ್ಟಿಗೆ ಮಾಡಿಸಿದೆ. ಮಾಡಿದವನ ಕೈಯಿಂದಲೇ ಅದು ಇಳಿಯಬೇಕು, ಬೇರೆ ಯಾವ ಮಂತ್ರವಾದಿಗೂ ಜಗ್ಗುವುದಿಲ್ಲ, ಅಮಾವಾಸ್ಯೆ ಮುಟ್ಟಿದರೆ ನನ್ನ ಕೈಯಲ್ಲೂ ಇರುವುದಿಲ್ಲ. ಇಳಿಸುವ ಬಿಳಿಯ ಪುಡಿಯನ್ನು ತಿಮ್ಮಪ್ಪನ ಸೊಂಟಕ್ಕೆ ಕಟ್ಟಿದ್ದೇನೆ. ಕಡೂರಿನಲ್ಲಿ ಬರೆಸಿಕೊಂಡ ಅಳತೆಯೂ ಪೊಟ್ಟಣದ ಮೇಲಿದೆ, ಅದರ ಮೇಲೆ ಒಂದು ಚಿಟಿಕೆಯೂ ಹೆಚ್ಚು ಬೇಡ. ಅವನು ಬಂದು ತಲುಪಿದ ಗಳಿಗೆಗೇ ಒಂದು ಸಲ ಕೊಡು, ಆಮೇಲೆ ಬೆಳಿಗ್ಗೆ ಸಂಜೆ, ಏಳು ದಿನ, ಒಂದು ಹೊತ್ತೂ ತಪ್ಪಬಾರದು. ಅವಳು ಎದ್ದು ಕೂತ ಮೇಲೆ ಮಠಕ್ಕೆ ಹೋಗಿ ಹೇಳು, ಊರು ಸೇರಿಸಿ ಹೇಳು, ನಾನು ಇಲ್ಲ ಅನ್ನುವುದಿಲ್ಲ. ಪುಡಿ ಬಹಳ ಕಹಿ. ಬೆಲ್ಲದಲ್ಲಿ ಕಲಸಿ ಕೊಡು, ಅವಳಿಗೆ ಕಹಿ ಆಗದು.